ಸಾಣೆಕಲ್ಲಿನ ಬಳಿಕ

ಚಾಕುವಿನ ಹರಿತವೆಂಬುದು ಅದರ ಎರಡು ಪಾರ್ಶ್ವಗಳು ಕೂಡುವ ರೇಖೆಯ ಸೂಕ್ಷ್ಮತೆಯೇ ಹೊರತು ಮತ್ತೇನೂ ಅಲ್ಲ. ರೇಖಾಗಣಿತದ ರೇಖೆಗೆ ಉದ್ದವುಂಟು, ಅಗಲವಿಲ್ಲ. ಉಕ್ಕಿನಲ್ಲಿ ಅಂಥ ರೇಖೆಯನ್ನು ನಿರ್ಮಿಸುವುದು ಯಾರಿಂದಲೂ ಆಗತಕ್ಕ ಕೆಲಸವಲ್ಲವಾದಕಾರಣ, ಅದನ್ನು ಎಷ್ಟು ಕಿರಿದಾದ ಅಗಲದಲ್ಲಿ ನಿಲ್ಲಿಸಬಲ್ಲೆವು, ನಿಲ್ಲಿಸಿದ್ದನ್ನು ಎಷ್ಟು ಕಾಲ ಉಳಿಸಿಕೊಳ್ಳಬಲ್ಲೆವು ಎಂಬ ಎರಡು ಪ್ರಶ್ನೆಗಳಲ್ಲಿಯೇ ಮಸೆಯುವ ವಿದ್ಯೆಯೆಲ್ಲ ಅಡಗಿದೆ. ಮನುಷ್ಯನ ತಲೆಗೂದಲಿನ ದಪ್ಪ ಸಾಮಾನ್ಯವಾಗಿ 50ರಿಂದ 100 ಮೈಕ್ರಾನುಗಳವರೆಗೆ ಇರುತ್ತದೆ; ಒಂದು ಸಾವಿರ ಮೈಕ್ರಾನುಗಳು ಸೇರಿದರೆ ಒಂದು ಮಿಲಿಮೀಟರು. ಚೆನ್ನಾಗಿ ಸಿದ್ಧಪಡಿಸಿದ ಕ್ಷೌರದ ಕತ್ತಿಯ ಬಾಯಿಯಾದರೋ ಒಂದು ಮೈಕ್ರಾನಿಗಿಂತಲೂ ಕಿರಿದು. ಬದನೆಕಾಯಿ ಹೆಚ್ಚುವ ಚಾಕುವಿಗೆ ಆ ಮಟ್ಟದ ಸೂಕ್ಷ್ಮತೆ ಅನವಶ್ಯಕವೆಂಬುದು ನಿಜ. ಆದರೆ ಬಹುಪಾಲು ಮನೆಗಳಲ್ಲಿ ಮಾಗಿದ ಟೊಮೇಟೊ ಹಣ್ಣಿನ ಸಿಪ್ಪೆಯನ್ನು ಸೀಳಲಾರದೆ ಹಣ್ಣನ್ನೇ ಜಜ್ಜುವ ಚಾಕುಗಳ ಅವಸ್ಥೆಯನ್ನು ಕಂಡವರು, ಅದಕ್ಕೂ ಇದಕ್ಕೂ ನಡುವೆ ಎಲ್ಲಿಯೋ ಒಂದು ಸಮಾಧಾನಕರವಾದ ಸ್ಥಾನ ಇರಬೇಕೆಂದು ಒಪ್ಪಿಯಾರು. ಆ ಸ್ಥಾನವನ್ನು ಮುಟ್ಟಿಸುವುದು ಸಾಣೆಕಲ್ಲು. ಅಲ್ಲಿಯೇ ನಿಲ್ಲಿಸುವುದು ಮರದ ಹಲಗೆಗೆ ಅಂಟಿಸಿದ ಒಂದು ಗೇಣುದ್ದದ ಚರ್ಮದ ಪಟ್ಟಿ.

ಕಲ್ಲು ಒಂದೇ ಸಾಲದೇಕೆ ಎಂಬುದನ್ನು ಮೊದಲು ತಿಳಿಯಬೇಕು. ಅಲಗಿನ ಒಂದು ಪಕ್ಕವನ್ನು ಕಲ್ಲಿನ ಮೇಲೆ ತಿಕ್ಕುತ್ತ ಹೋದಂತೆ ಕಲ್ಲಿನೊಳಗಿನ ಹರಳುಗಳು ಉಕ್ಕನ್ನು ಗೀಚಿ ತೆಗೆಯುತ್ತವೆ. ಅಂಚಿನಲ್ಲಿ ಉಳಿದ ಲೋಹ ತೆಳುವಾಗುತ್ತ ಆಗುತ್ತ, ಕಟ್ಟಕಡೆಗೆ ಕೈಯ ಒತ್ತಡವನ್ನು ತಾಳಲಾರದೆ, ಹಾಗೆಂದು ಕಳಚಿಯೂ ಬೀಳದೆ, ಎದುರು ಪಕ್ಕಕ್ಕೆ ಮಗುಚಿಕೊಂಡು ಅತಿ ಸೂಕ್ಷ್ಮವಾದ ಒಂದು ಎಳೆಯಾಗಿ ನಿಂತುಬಿಡುತ್ತದೆ. ಕಣ್ಣಿಗೆ ಗೋಚರಿಸದ ಈ ಎಳೆಯನ್ನು ಬೆರಳು ಕಂಡುಹಿಡಿಯುತ್ತದೆ: ಹೆಬ್ಬೆರಳನ್ನು ಅಲಗಿನ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಮೃದುವಾಗಿ ಜಾರಿಸಿದರೆ ತುದಿಯಲ್ಲಿ ಏನೋ ಕೊಕ್ಕೆಯಂತೆ ತಡೆಯುವುದು ತಿಳಿಯುತ್ತದೆ. ಚಾಕುವನ್ನು ತಿರುಗಿಸಿ ಇನ್ನೊಂದು ಪಕ್ಕವನ್ನು ತಿಕ್ಕಿದರೆ ಎಳೆ ಈಚೆಗೆ ಮಗುಚುತ್ತದೆಯೇ ವಿನಾ ಹೋಗುವುದಿಲ್ಲ. ಹೊಸದಾಗಿ ಸಾಣೆ ಹಿಡಿಸಿ ತಂದ ಚಾಕು ಆ ದಿನ ಅದ್ಭುತವಾಗಿ ಕತ್ತರಿಸಿ ಮಾರನೆಯ ದಿನವೇ ಮೊಂಡಾಯಿತೆಂದು ಗೃಹಿಣಿಯರು ಆಕ್ಷೇಪಿಸುವುದನ್ನು ಎಲ್ಲರೂ ಕೇಳಿದ್ದೇವೆ. ಅವರು ಕತ್ತರಿಸಿದ್ದು ಚಾಕುವಿನ ನಿಜವಾದ ಬಾಯಿಯಿಂದಲ್ಲ, ಅದಕ್ಕೆ ತಗುಲಿಕೊಂಡಿದ್ದ ಈ ಎಳೆಯಿಂದ. ಎಳೆ ಮಡಿಸಿಕೊಂಡ ಒಡನೆಯೇ ಹರಿತವೂ ಹೋಯಿತು. ಕಲ್ಲಿನ ಕೆಲಸ ಮುಗಿದ ಬಳಿಕ ಈ ಎಳೆಯನ್ನು ಕಳಚಿ, ಕಲ್ಲು ಬಿಟ್ಟುಹೋದ ಗೀರುಗಳನ್ನು ತಿದ್ದಿ, ರೇಖೆಯನ್ನು ಒಂದೇ ಸಮವಾಗಿ ನಿಲ್ಲಿಸುವ ಹೊಣೆ ಚರ್ಮದ್ದು.

ಗಟ್ಟಿಯಾದ ಕಲ್ಲಿನ ಬಳಿಕ ಮೃದುವಾದ ಇನ್ನೊಂದು ವಸ್ತು ಬೇಕೆಂಬ ಅರಿವು ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಎಂಟನೆಯ ಅಧ್ಯಾಯ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಕುರಿತದ್ದು. ಅದರಲ್ಲಿ ಶಸ್ತ್ರಗಳನ್ನು ಮಸೆಯುವುದಕ್ಕೆ ಉದ್ದಿನ ಬಣ್ಣದ ನುಣುಪಾದ ಶಿಲೆಯನ್ನೂ, ಮಸೆದ ಧಾರೆಯನ್ನು ನೆಲೆಗೊಳಿಸುವುದಕ್ಕೆ ಬೂರುಗದ ಮರದ ಹಲಗೆಯನ್ನೂ ಪ್ರತ್ಯೇಕವಾಗಿ ವಿಧಿಸಿದೆ. ಬೂರುಗ ಎಷ್ಟು ಮೆತ್ತನೆಯ ಮರವೆಂಬುದನ್ನು ನಮ್ಮ ಬಡಗಿಗಳಿಗೆ ಹೇಳಬೇಕಾದ್ದಿಲ್ಲ. ಅದೇ ಅಧ್ಯಾಯ ಧಾರೆಯ ಸೂಕ್ಷ್ಮತೆಗೆ ಮಟ್ಟಗಳನ್ನೂ ಕಟ್ಟಿದೆ: ಸೀಳುವ ಶಸ್ತ್ರದ ಧಾರೆ ಚನ್ನಂಗಿಬೇಳೆಯ ಅಂಚಿನಷ್ಟು, ಕೆರೆಯುವ ಶಸ್ತ್ರದ್ದು ಅದರ ಅರ್ಧದಷ್ಟು, ಚುಚ್ಚುವುದರದು ಕೂದಲಿನಷ್ಟು, ಛೇದಿಸುವುದರದು ಅರ್ಧ ಕೂದಲಿನಷ್ಟು. ಶಸ್ತ್ರ ಕೂದಲನ್ನು ಕತ್ತರಿಸುವಷ್ಟು ಹರಿತವಾದ ಬಳಿಕವೇ ಅದನ್ನು ರೋಗಿಯ ಮೇಲೆ ಪ್ರಯೋಗಿಸಬೇಕೆಂದೂ ಅಲ್ಲಿ ಕಟ್ಟಳೆಯುಂಟು. ಕೆಲಸಕ್ಕೆ ತಕ್ಕ ಹರಿತ, ಹರಿತಕ್ಕೆ ತಕ್ಕ ಪರೀಕ್ಷೆ ಎಂಬ ಈ ವಿವೇಚನೆ ಇಂದಿನ ಅಡಿಗೆಮನೆಗೂ ಯಥಾವತ್ತಾಗಿ ಅನ್ವಯಿಸುತ್ತದೆ.

ಜನಸಾಮಾನ್ಯರು ಈ ಚರ್ಮವನ್ನು ನೋಡುತ್ತಿದ್ದದ್ದು ಕ್ಷೌರದ ಅಂಗಡಿಯಲ್ಲಿ. ಕನ್ನಡಿಯ ಪಕ್ಕದ ಮೊಳೆಗೋ ಕುರ್ಚಿಯ ಕೈಗೋ ತೂಗುಹಾಕಿದ್ದ ಕಪ್ಪನೆಯ ಪಟ್ಟಿಯನ್ನು ಎಡಗೈಯಿಂದ ಬಿಗಿಯಾಗಿ ಎಳೆದು ಹಿಡಿದು, ಬಲಗೈಯ ಕತ್ತಿಯನ್ನು ಅದರ ಮೇಲೆ ಮೇಲಕ್ಕೂ ಕೆಳಕ್ಕೂ ಲಯಬದ್ಧವಾಗಿ ಓಡಿಸುತ್ತಿದ್ದ ಕೈಚಳಕವನ್ನು ಮಧ್ಯವಯಸ್ಸು ದಾಟಿದ ಗಂಡಸರು ಯಾರೂ ಮರೆತಿರಲಾರರು. ಯುರೋಪಿನಲ್ಲಿಯೂ ಇದು ದೊಡ್ಡ ವ್ಯಾಪಾರವಾಗಿತ್ತು. 1790ರ ದಶಕದಲ್ಲಿ ಲಂಡನ್ನಿನ ಜಾರ್ಜ್ ಪ್ಯಾಕ್‌ವುಡ್ ಎಂಬಾತ ತನ್ನ ಚರ್ಮದ ಪಟ್ಟಿಗಳನ್ನು ಮಾರುವುದಕ್ಕಾಗಿ ಪತ್ರಿಕೆಗಳಲ್ಲಿ ಪದ್ಯ, ಒಗಟು, ಸಂಭಾಷಣೆಗಳ ರೂಪದಲ್ಲಿ ಜಾಹೀರಾತುಗಳ ಮಳೆಗರೆದು, ಸಾಲದೆಂದು 1796ರಲ್ಲಿ ಅವನ್ನೆಲ್ಲ ಸೇರಿಸಿ ಒಂದು ಪುಸ್ತಕವನ್ನೇ ಅಚ್ಚುಹಾಕಿಸಿದ. ಇಂದಿನ ಜಾಹೀರಾತುಗಾರರು ಹೊಸದನ್ನು ಕಂಡುಹಿಡಿದೆವೆಂದು ಬೀಗುವಾಗ ಈ ಮಹಾನುಭಾವನನ್ನು ನೆನೆದರೆ ಒಳ್ಳೆಯದು. 1904ರಲ್ಲಿ ಅಮೆರಿಕದ ಕಿಂಗ್ ಜಿಲೆಟ್ ಬಳಸಿ ಎಸೆಯುವ ತೆಳುವಾದ ಬ್ಲೇಡಿಗೆ ಪೇಟೆಂಟು ಪಡೆದಂದಿನಿಂದ ಮನೆಗಳಲ್ಲಿ ಚರ್ಮದ ಪಟ್ಟಿಗೆ ಕೆಲಸ ಕಡಮೆಯಾಯಿತು. ರಕ್ತದ ಮೂಲಕ ಹರಡುವ ರೋಗಗಳ ಭಯ ಬಲಿತ ಮೇಲೆ ಕ್ಷೌರದ ಅಂಗಡಿಗಳಲ್ಲಿಯೂ ಪ್ರತಿಯೊಬ್ಬ ಗಿರಾಕಿಗೂ ಹೊಸ ಬ್ಲೇಡು ಬಂದಿತು. ಆರೋಗ್ಯದ ದೃಷ್ಟಿಯಿಂದ ಅದು ಸರಿಯಾದ ಮಾರ್ಪಾಟು, ಸಂದೇಹವಿಲ್ಲ. ಆದರೆ ಪಟ್ಟಿಯೊಡನೆ ಅದರ ತತ್ತ್ವವೂ ಮರೆತುಹೋಯಿತು. ತತ್ತ್ವದ ಅಗತ್ಯ ಚಾಕುವಿಗೆ ಇದ್ದೇ ಇದೆ.

ಅಗತ್ಯವೆಂದೆ, ಏಕೆಂದರೆ ಉಕ್ಕಿನ ಮಿತವ್ಯಯ ಇದರಲ್ಲಿ ಅಡಗಿದೆ. ಸೈಕಲ್ಲಿನ ಮೇಲೆ ಚಕ್ರ ಕಟ್ಟಿಕೊಂಡು ಬೀದಿ ಬೀದಿ ತಿರುಗುವ ಸಾಣೆಯವನು ಶ್ರಮಜೀವಿ, ಅವನ ಮೇಲೆ ನನಗೆ ಗೌರವವೇ ಇದೆ. ಆದರೂ ಕಿಡಿ ಹಾರಿಸುತ್ತ ತಿರುಗುವ ಆ ಚಕ್ರ ಒಂದೊಂದು ಸಲಕ್ಕೂ ಅಲಗಿನ ಒಂದು ಪದರವನ್ನು ನುಂಗುತ್ತದೆ, ಮತ್ತು ಕಾವು ಮಿತಿಮೀರಿ ಅಂಚು ನೀಲಿಗಟ್ಟಿತೆಂದರೆ ಆ ಭಾಗದಲ್ಲಿ ಉಕ್ಕಿನ ಹದವೇ ಇಳಿದು, ಎಷ್ಟು ಮಸೆದರೂ ಹರಿತ ನಿಲ್ಲದಂತಾಗುತ್ತದೆ. ಹಳೆಯ ಮನೆಗಳಲ್ಲಿ ಒಂದು ಕಾಲಕ್ಕೆ ಎರಡು ಅಂಗುಲ ಅಗಲವಿದ್ದ ಚಾಕು ಬೆರಳಗಲಕ್ಕೆ ಸವೆದಿರುವುದು ತರಕಾರಿ ಹೆಚ್ಚಿದ್ದರಿಂದಲ್ಲ, ಸಾಣೆಯಿಂದ. ಚರ್ಮವಾದರೋ ಲೆಕ್ಕಕ್ಕೆ ಬಾರದಷ್ಟು ಮಾತ್ರ ಲೋಹವನ್ನು ತೆಗೆಯುತ್ತದೆ. ವಾರಕ್ಕೊಮ್ಮೆ ಚರ್ಮದ ಮೇಲೆ ಆಡಿದ ಚಾಕು ಕಲ್ಲಿನ ಮುಖ ನೋಡಬೇಕಾದ ಸಂದರ್ಭಗಳು ತೀರ ವಿರಳವಾಗುತ್ತವೆ.

ಇನ್ನು ಹಲಗೆಯನ್ನು ಮಾಡಿಕೊಳ್ಳುವ ಕ್ರಮ. ಇದರಲ್ಲಿ ವಿಚಾರ ಮಾಡಬೇಕಾದದ್ದು ಚರ್ಮದ ಆಯ್ಕೆಯೊಂದೇ, ಉಳಿದದ್ದೆಲ್ಲ ಸುಲಭ. ಚರ್ಮವನ್ನು ಹದಮಾಡುವುದಕ್ಕೆ ಪ್ರಧಾನವಾಗಿ ಎರಡು ಮಾರ್ಗಗಳುಂಟು. ತಂಗಡಿಯ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ ಮುಂತಾದವುಗಳ ಒಗರು ರಸದಲ್ಲಿ ದಿನಗಟ್ಟಲೆ, ವಾರಗಟ್ಟಲೆ ನೆನೆಸಿ ಹದಗೊಳಿಸುವುದು ಪ್ರಾಚೀನ ಮಾರ್ಗ. ಕ್ರೋಮಿಯಮ್ ಲವಣಗಳಿಂದ ಒಂದೆರಡು ದಿನಗಳಲ್ಲಿಯೇ ಹದಗೊಳಿಸುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಮಾರ್ಗ. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಅವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮದರಾಸಿನಲ್ಲಿ ಈ ಎರಡನೆಯ ಮಾರ್ಗವನ್ನು ಬಳಕೆಗೆ ತರಲು ಶ್ರಮಿಸಿದರು. ನೀರಿನಲ್ಲಿ ಮುಳುಗಿದರೂ ಬೇಗನೆ ಕೊಳೆಯದ ಆ ಚರ್ಮ ಬಾವಿಯಿಂದ ನೀರೆತ್ತುವ ಕಪಿಲೆಯ ಬಾನಿಗೆ ಬಹಳ ತಕ್ಕದ್ದೆಂಬುದು ಅವರ ವಾದಗಳಲ್ಲೊಂದು. ಬಾನಿಗೆ ತಕ್ಕದ್ದು ಚಾಕುವಿಗೆ ತಕ್ಕದ್ದಲ್ಲ. ಕ್ರೋಮಿನ ಚರ್ಮ ಸಾಮಾನ್ಯವಾಗಿ ಮೆತ್ತಗೆ, ಹಿಗ್ಗುವ ಸ್ವಭಾವದ್ದು. ಅಲಗಿನ ಒತ್ತಡಕ್ಕೆ ತಗ್ಗಿ, ಅಲಗು ದಾಟಿದ ಕೂಡಲೆ ಅದರ ಹಿಂದೆ ಉಬ್ಬಿಬರುತ್ತದೆ, ಹಾಗೆ ಉಬ್ಬುವಾಗ ಬಾಯಿಯನ್ನು ತುಸುತುಸುವಾಗಿ ದುಂಡಗೆ ಮಾಡುತ್ತದೆ. ತೊಗಟೆಯಲ್ಲಿ ಹದಗೊಂಡ ಚರ್ಮ ಬಿಗುವಾದದ್ದು, ಒತ್ತಿದರೆ ಅಷ್ಟಾಗಿ ತಗ್ಗದು. ನಮಗೆ ಬೇಕಾದದ್ದು ಇದೇ.

ಇದು ಎಲ್ಲಿ ಸಿಕ್ಕೀತೆಂದು ಕನ್ನಡನಾಡಿನವರು ದೂರ ಹುಡುಕಬೇಕಾಗಿಲ್ಲ. ಅಥಣಿ, ನಿಪ್ಪಾಣಿಗಳ ಸುತ್ತಿನ ಊರುಗಳಲ್ಲಿ ತಲೆತಲಾಂತರದಿಂದ ಚಪ್ಪಲಿ ಮಾಡುತ್ತ ಬಂದಿರುವ ಕುಶಲಿಗಳು ಉಪಯೋಗಿಸುವುದು ತೊಗಟೆ ಅಳಲೆಗಳಲ್ಲಿ ಹದಗೊಂಡ ಚರ್ಮವನ್ನೇ. ಕೊಲ್ಹಾಪುರಿ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದ ಆ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಚಪ್ಪಲಿಗೆಂದು ಕತ್ತರಿಸಿ ಮಿಕ್ಕ ತುಂಡೊಂದು ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು. ಕೇಳುವಾಗ ಬೆನ್ನಿನ ಭಾಗದ ಚರ್ಮವನ್ನು ಕೇಳಬೇಕು. ಹೊಟ್ಟೆಯ ಭಾಗದ್ದು ಸಡಿಲ, ಎಲ್ಲೆಡೆ ಒಂದೇ ದಪ್ಪವಾಗಿಯೂ ಇರುವುದಿಲ್ಲ. ದಪ್ಪ ಎರಡರಿಂದ ಮೂರು ಮಿಲಿಮೀಟರು, ಅಗಲ ಐದು ಸೆಂಟಿಮೀಟರು, ಉದ್ದ ಇಪ್ಪತ್ತೈದರಿಂದ ಮೂವತ್ತು ಸೆಂಟಿಮೀಟರು ಇದ್ದರೆ ಸರಿ. ಹಳೆಯ ಸೊಂಟಪಟ್ಟಿಯನ್ನು ಕತ್ತರಿಸಿಕೊಳ್ಳಬಹುದಲ್ಲ ಎಂದು ಕೇಳುವವರುಂಟು. ಅದು ನಿಜವಾದ ಚರ್ಮವಾಗಿದ್ದರೆ ಕತ್ತರಿಸಿಕೊಳ್ಳಬಹುದು. ಆದರೆ ಈಗಿನ ಪಟ್ಟಿಗಳಲ್ಲಿ ಅನೇಕವು ರೆಕ್ಸಿನ್ನೋ, ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಾಳೆಯೋ ಆಗಿರುತ್ತವೆ. ಕತ್ತರಿಸಿದ ಅಂಚನ್ನು ನೋಡಿ: ಒಳಗೆ ಬಟ್ಟೆಯ ನೇಯ್ಗೆ ಕಂಡರೆ ರೆಕ್ಸಿನ್ನು, ನೀಲಿ ಛಾಯೆಯ ಬೂದುಬಣ್ಣವಿದ್ದರೆ ಬಹುಶಃ ಕ್ರೋಮು, ಹೊರಗಿನಿಂದ ಒಳಗಿನವರೆಗೂ ಕಂದುಬಣ್ಣದ ನಾರುಗಳಿದ್ದು, ಒಂದು ಹನಿ ನೀರು ಹಾಕಿದರೆ ಹೀರಿಕೊಂಡು ಕಪ್ಪಾದರೆ ತೊಗಟೆಯ ಹದದ್ದು.

ಮರ ಯಾವುದಾದರೂ ಆಗಬಹುದು. ತೇಗ, ಹೊನ್ನೆ, ದಪ್ಪನೆಯ ಪ್ಲೈವುಡ್ಡು, ಎಲ್ಲವೂ ಒಪ್ಪತಕ್ಕವೇ. ಆದರೆ ಮಟ್ಟಸವಾಗಿರಬೇಕು. ಬಡಗಿಯ ಕೀಸುಳಿ ಸಿಕ್ಕದಿದ್ದರೆ ಕಿಟಕಿಯ ಗಾಜಿನ ಮೇಲೆ ಮರಳುಕಾಗದವನ್ನು ಹಾಸಿ ಹಲಗೆಯ ಮುಖವನ್ನು ಅದರ ಮೇಲೆ ತಿಕ್ಕಿದರೆ ಉಬ್ಬುತಗ್ಗುಗಳು ಹೋಗುತ್ತವೆ. ಚರ್ಮಕ್ಕಿಂತ ಹಲಗೆ ಒಂದು ಹಿಡಿಯಷ್ಟು ಉದ್ದವಿದ್ದರೆ ಆ ಮಿಕ್ಕ ಭಾಗವೇ ಹಿಡಿಕೆಯಾಗುತ್ತದೆ. ಬಡಗಿಗಳ ಬಿಳಿಯ ಅಂಟನ್ನು ಹಲಗೆಗೆ ತೆಳುವಾಗಿ, ಎಲ್ಲೆಡೆ ಸಮನಾಗಿ ಹರಡಿ, ಚರ್ಮವನ್ನಿಟ್ಟು, ಮೇಲೊಂದು ಚಪ್ಪಟೆ ಹಲಗೆಯನ್ನೂ ಅದರ ಮೇಲೆ ಭಾರವನ್ನೂ ಹೇರಿ ಒಂದು ರಾತ್ರಿ ಬಿಡಬೇಕು. ಅಂಟು ಗಂಟುಗಂಟಾಗಿ ಉಳಿದರೆ ಆ ಗಂಟು ಚರ್ಮದ ಮೇಲೆ ಉಬ್ಬಾಗಿ ಮೂಡಿ ಕೊನೆಯವರೆಗೂ ಕಾಡುತ್ತದೆ.

ಚರ್ಮದ ಯಾವ ಮುಖ ಮೇಲಿರಬೇಕೆಂಬ ವಿಷಯದಲ್ಲಿ ಅಭಿಪ್ರಾಯಭೇದವುಂಟು. ಕೂದಲಿದ್ದ ಕಡೆಯ ಮುಖ ನುಣುಪು, ಮಾಂಸದ ಕಡೆಯದು ಒರಟು, ಜೂಲುಜೂಲು. ಒರಟು ಮುಖ ಮದ್ದನ್ನು ಹೆಚ್ಚು ಹಿಡಿದಿಡುತ್ತದೆಂದು ಕೆಲವರು ಅದನ್ನೇ ಮೇಲಿಡುತ್ತಾರೆ. ನನ್ನ ಮತ ನುಣುಪು ಮುಖಕ್ಕೆ: ಅದು ಹೆಚ್ಚು ಬಿಗುವಾದದ್ದು, ಬಾಯಿಯನ್ನು ದುಂಡಗೆ ಮಾಡುವ ದೋಷ ಅದರಲ್ಲಿ ಕಡಮೆ. ಅದರ ಹೊಳಪನ್ನು ಮಾತ್ರ ನಯವಾದ ಮರಳುಕಾಗದದಿಂದ ಒಂದೆರಡು ಸಲ ಉಜ್ಜಿ ಮುರಿಯಬೇಕು. ಚರ್ಮ ತೀರ ಒಣಗಿದ್ದರೆ ಎರಡು ಮೂರು ಹನಿ ಎಣ್ಣೆ ಸವರಬಹುದು. ಹೆಚ್ಚು ಎಣ್ಣೆ ಕುಡಿದ ಚರ್ಮ ಮೆತ್ತಗಾಗುತ್ತದೆ, ಕೊಬ್ಬರಿ ಎಣ್ಣೆಯಂಥದು ಕ್ರಮೇಣ ಕಮಟು ವಾಸನೆ ಹಿಡಿಯುವುದೂ ಉಂಟು.

ಮದ್ದು ಎಂದೆನಷ್ಟೆ. ಬರಿಯ ಚರ್ಮಕ್ಕೆ ಲೋಹವನ್ನು ಸವೆಸುವ ಶಕ್ತಿ ಅತ್ಯಲ್ಪ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹಶಾಸ್ತ್ರಜ್ಞ ಜಾನ್ ವರ್‌ಹೂವೆನ್ ಅವರು ಮಸೆದ ಅಲಗುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಬರಹದಲ್ಲಿ, ಏನನ್ನೂ ಸವರದ ಚರ್ಮದಿಂದ ಅಂಚಿನಲ್ಲಿ ಆಗುವ ಬದಲಾವಣೆ ಅಲ್ಪವೆಂದೂ, ಕ್ರೋಮಿಯಮ್ ಆಕ್ಸೈಡ್ ಸವರಿದ ಚರ್ಮ ಎಳೆಯನ್ನೂ ಗೀರುಗಳನ್ನೂ ಪರಿಣಾಮಕಾರಿಯಾಗಿ ನಿವಾರಿಸುತ್ತದೆಂದೂ ತೋರಿಸಿದರು. ಲೋಹದ ವಸ್ತುಗಳಿಗೆ ಹೊಳಪು ಕೊಡುವವರು ಬಳಸುವ ಹಸಿರು ಬಣ್ಣದ ಮೇಣದ ಗಟ್ಟಿಯಲ್ಲಿರುವುದು ಮುಖ್ಯವಾಗಿ ಇದೇ ವಸ್ತು. ಯಂತ್ರೋಪಕರಣಗಳ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಅದರ ಕಣಗಳು ಉಕ್ಕಿಗಿಂತ ಕಠಿಣವಾದವು, ಆದರೆ ಅತಿ ಸೂಕ್ಷ್ಮವಾದವು. ಆದ್ದರಿಂದಲೇ ಅವು ಬಿಡುವ ಗೀರು ಕಣ್ಣಿಗೆ ಕಾಣದೆ ಹೊಳಪಾಗಿ ತೋರುತ್ತದೆ. ಅಕ್ಕಸಾಲಿಗರು ಹೊಳಪಿಗೆ ಬಳಸುವ ಕೆಂಪು ಪುಡಿ ಕಬ್ಬಿಣದ ಆಕ್ಸೈಡು. ಅದು ಇನ್ನೂ ಸೌಮ್ಯ, ಅಡಿಗೆಯ ಚಾಕುವಿಗೆ ನಿಧಾನವಾಯಿತು. ಹಸಿರು ಗಟ್ಟಿಯನ್ನು ಚರ್ಮದ ಮೇಲೆ, ಹಣೆಗೆ ವಿಭೂತಿ ಎಳೆದಷ್ಟು ತೆಳುವಾಗಿ ಎಳೆದರೆ ಸಾಕು. ದಪ್ಪನೆ ಬಳಿದರೆ ಮೇಣ ಉಂಡೆಗಟ್ಟುತ್ತದೆಯೇ ಹೊರತು ಕೆಲಸ ಬೇಗ ಆಗುವುದಿಲ್ಲ. ಕೆಲಸ ಮುಗಿದ ಮೇಲೆ ಕೈಯನ್ನೂ ಅಲಗನ್ನೂ ತೊಳೆಯತಕ್ಕದ್ದು, ಏಕೆಂದರೆ ಆ ಹಸಿರು ಅಡಿಗೆಗೆ ಸೇರಬೇಕಾದದ್ದಲ್ಲ.

ಚಾಕುವನ್ನು ಎಳೆಯುವ ಕ್ರಮದಲ್ಲಿ ಒಂದೇ ಒಂದು ನಿಯಮ ಅನುಲ್ಲಂಘನೀಯವಾದದ್ದು: ಬೆನ್ನು ಮುಂದೆ, ಬಾಯಿ ಹಿಂದೆ. ಕಲ್ಲಿನ ಮೇಲೆ ಬಾಯಿಯನ್ನು ಮುಂದೆ ಮಾಡಿ ತಳ್ಳಬಹುದು. ಚರ್ಮದ ಮೇಲೆ ಹಾಗೆ ಮಾಡಿದರೆ ಚಾಕು ಚರ್ಮವನ್ನೇ ಕೊಯ್ಯುತ್ತದೆ. ಹಲಗೆಯನ್ನು ಮೇಜಿನ ಮೇಲೆ ಭದ್ರವಾಗಿಟ್ಟು, ಅಲಗನ್ನು ಚಪ್ಪಟೆಯಾಗಿ ಮಲಗಿಸಿ, ಬೆನ್ನನ್ನು ಸ್ವಲ್ಪ ಎತ್ತಿ ಎಳೆಯಬೇಕು. ಎಷ್ಟು ಎತ್ತಬೇಕೆಂದರೆ, ಅಡಿಗೆಯ ಚಾಕುಗಳ ಕೋನ ಸಾಮಾನ್ಯವಾಗಿ ಪಕ್ಕವೊಂದಕ್ಕೆ 15ರಿಂದ 20 ಡಿಗ್ರಿ. ಮೂರು ಸೆಂಟಿಮೀಟರು ಅಗಲದ ಅಲಗಿಗೆ ಬೆನ್ನು ಚರ್ಮದಿಂದ ಸುಮಾರು 8ರಿಂದ 10 ಮಿಲಿಮೀಟರು ಮೇಲಿದ್ದರೆ ಆ ಕೋನ ಬಂದಿತೆಂದು ತಿಳಿಯಬಹುದು. ಸಂದೇಹವಿದ್ದವರು ಬಾಯಿಯ ಅಂಚಿನುದ್ದಕ್ಕೂ ಮಾರ್ಕರ್ ಶಾಯಿಯನ್ನು ಬಳಿದು ನಾಲ್ಕಾರು ಸಲ ಎಳೆದು ನೋಡಲಿ: ಶಾಯಿ ತುದಿಯವರೆಗೂ ಅಳಿದಿದ್ದರೆ ಕೋನ ಸರಿ, ತುದಿಯಲ್ಲಿ ಉಳಿದು ಮೇಲುಗಡೆ ಮಾತ್ರ ಅಳಿದಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು. ಒತ್ತಡ ಚಾಕುವಿನ ಸ್ವಂತ ಭಾರಕ್ಕಿಂತ ಹೆಚ್ಚಾಗಬಾರದು. ಪಟ್ಟಿಯ ಕೊನೆ ಮುಟ್ಟಿದಾಗ ಅಲಗನ್ನು ಮೊದಲು ಮೇಲಕ್ಕೆತ್ತಿ ಬಳಿಕ ಮಗುಚಬೇಕು. ಚರ್ಮದ ಮೇಲಿರುವಾಗಲೇ ಕೈ ತಿರುಚಿದರೆ, ಅಷ್ಟು ಹೊತ್ತಿನ ಶ್ರಮ ಆ ಕೊನೆಯ ಕ್ಷಣದಲ್ಲಿ ಹಾಳಾಗುತ್ತದೆ. ಪಕ್ಕಕ್ಕೆ ಹದಿನೈದು ಇಪ್ಪತ್ತು ಎಳೆತಗಳು ಸಾಕು. ಮಾಗಿದ ಟೊಮೇಟೊವಿನ ಮೇಲೆ ಅಲಗನ್ನಿಟ್ಟು ಒತ್ತದೆ ಎಳೆದಾಗ ಸಿಪ್ಪೆ ತಾನಾಗಿ ಬಿರಿದರೆ ಕೆಲಸವಾಯಿತೆಂದು ತಿಳಿಯಬಹುದು.

ಇಷ್ಟಾದರೂ ಚಾಕು ಮತ್ತೆ ಮೊಂಡಾಗಿಯೇ ಆಗುತ್ತದೆ. ಉಕ್ಕಿಗಿಂತ ಐವತ್ತು ಪಾಲು ಮೃದುವಾದ ಕೂದಲು ಉಕ್ಕಿನ ಬ್ಲೇಡನ್ನು ಹೇಗೆ ಹಾಳುಮಾಡೀತೆಂಬ ಪ್ರಶ್ನೆಯನ್ನು ಅಮೆರಿಕದ ಎಂಐಟಿಯ ಸಂಶೋಧಕರು ಕೈಗೆತ್ತಿಕೊಂಡು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು: ಉಕ್ಕಿನ ಒಳರಚನೆ ಎಲ್ಲೆಡೆ ಏಕರೂಪವಾಗಿರದೆ, ಕೂದಲು ಓರೆಯಾಗಿ ಬಾಗಿ ಬಂದು ಅಂಥ ದುರ್ಬಲವಾದ ಸ್ಥಳಕ್ಕೆ ತಗುಲಿದಾಗ, ಅಂಚು ಬರಿದೆ ಸವೆಯುವುದಕ್ಕೆ ಬದಲಾಗಿ ಚೂರುಚೂರಾಗಿ ಮುಕ್ಕಾಗುತ್ತದೆ. ಚಾಕುವಿಗೂ ಇಂಥ ಮುಕ್ಕುಗಳು ಬೀಳುತ್ತವೆ, ಗಾಜಿನ ತಟ್ಟೆಯ ಮೇಲೋ ಕಲ್ಲಿನ ಕಟ್ಟೆಯ ಮೇಲೋ ಹೆಚ್ಚುವವರ ಮನೆಯಲ್ಲಿ ಇನ್ನೂ ಬೇಗ. ಕಣ್ಣಿಗೆ ಕಾಣುವಷ್ಟು ದೊಡ್ಡ ಮುಕ್ಕಿಗೆ, ಮುರಿದ ಮೊನೆಗೆ ಚರ್ಮ ಏನನ್ನೂ ಮಾಡಲಾರದು. ಅದು ಕಲ್ಲಿನ ಕೆಲಸವೇ.

ಹಲಗೆ ಬರಬರುತ್ತ ಕಪ್ಪಾಗುತ್ತದೆ. ಆ ಕಪ್ಪು ಉಕ್ಕಿನ ಪುಡಿ. ಮೇಲ್ಮೈ ಗಾಜಿನಂತೆ ಹೊಳೆಯತೊಡಗಿದಾಗ ಚಾಕುವಿನ ಬೆನ್ನಿನಿಂದ ಹೆರೆದು, ಮರಳುಕಾಗದ ಮುಟ್ಟಿಸಿ, ಹೊಸದಾಗಿ ಮದ್ದು ಎಳೆಯಬೇಕು. ಮರಳಿನ ಒಂದು ಕಣ ಕೂತರೂ ಬಾಯಿ ಗೀರಿಹೋಗುವುದರಿಂದ ಬಟ್ಟೆಯಲ್ಲಿ ಸುತ್ತಿಡುವುದು ಮೇಲು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ಬೂಷ್ಟು ಹತ್ತದಂತೆ ಆಗಾಗ ಗಾಳಿಗೆ ಇಡಬೇಕು.

ಕೊನೆಗೆ ಈಳಿಗೆಮಣೆಯ ಮಾತು. ಇದನ್ನು ಚರ್ಮದ ಮೇಲೆ ಎಳೆಯುವುದು ಹೇಗೆಂದು ಕೇಳಿದರೆ, ಎಳೆಯಬೇಕಾದ್ದಿಲ್ಲ, ಚರ್ಮವನ್ನೇ ಅಲಗಿನ ಬಳಿಗೆ ಒಯ್ಯಬೇಕು. ಅಗಲವಾದ ಹಲಗೆ ಬಾಗಿದ ಅಲಗಿಗೆ ಹೊಂದಿ ಕೂರುವುದಿಲ್ಲವಾದ್ದರಿಂದ, ಲಟ್ಟಣಿಗೆಯಷ್ಟು ದಪ್ಪದ ದುಂಡನೆಯ ಕೋಲಿಗೆ ತೆಳುವಾದ ಚರ್ಮವನ್ನು ಸುತ್ತಿ ಅಂಟಿಸಿ ಅದೇ ಹಸಿರು ಮದ್ದನ್ನು ಸವರಿಟ್ಟುಕೊಳ್ಳಬೇಕು. ಮಣೆಯನ್ನು ಕಾಲಿನಿಂದ ಅದುಮಿ, ತುರಿಯುವ ಹಲ್ಲಿಗೆ ದಪ್ಪನೆಯ ಬಟ್ಟೆ ಸುತ್ತಿ, ಅಲಗಿಗೆ ಎದುರಾಗಿ ಕೂರದೆ ಪಕ್ಕದಲ್ಲಿ ಕೂತು, ಕೋಲನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರುತ್ತ ಗಾಳಿಗೆ ಬಿಡಬೇಕು. ಹಿಂದಕ್ಕೆ ತರುವಾಗ ಅಲಗಿಗೆ ಮುಟ್ಟಿಸಕೂಡದು. ಎರಡು ಪಕ್ಕಕ್ಕೂ ಹೀಗೆಯೇ. ತರಕಾರಿಯೆಲ್ಲ ಹೆಚ್ಚಾಗಿ ಅಲಗಿನ ಮಧ್ಯಭಾಗದಲ್ಲಿ ಹಾದುಹೋಗುವುದರಿಂದ ಅಲ್ಲಿಗೆ ನಾಲ್ಕು ಎಳೆತ ಹೆಚ್ಚು ಬೇಕು. ಹಳೆಯ ಕಬ್ಬಿಣದ ಈಳಿಗೆಯಾದರೆ ಒರೆಸಿದ ಕೂಡಲೆ ಒಂದು ಹನಿ ಎಣ್ಣೆ ಸವರದಿದ್ದಲ್ಲಿ ಹೊಸ ಅಂಚಿಗೆ ಮಾರನೆಯ ದಿನವೇ ತುಕ್ಕು ಹತ್ತುತ್ತದೆ.